ಕುರ್ವೆಯ ಬದುಕು ರೇಡಿಯೋದಲ್ಲಿ: ಅರ್ಧ ಗಂಟೆಯ ಸಾಕ್ಷ್ಯರೂಪಕ ಮಾಡುವ ಸಮಗ್ರ ಮಾರ್ಗದರ್ಶಿ

ಕುಂದಾಪುರ, ಉಡುಪಿಯ ಕಡೆ ಕುದ್ರು ಅನ್ನುತ್ತಾರೆ, ಕುಮಟಾ, ಹೊನ್ನಾವರದ ಕಡೆ ಕುರ್ವೆ. ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಸುತ್ತ ನೀರಿದ್ದು ನಡುವೆ ತೆಂಗು, ಮನೆ, ದೈವಸ್ಥಾನ, ಒಂದಿಷ್ಟು ಗದ್ದೆ ಇರುವ ನೆಲ ಇದು. ಅಘನಾಶಿನಿಯಲ್ಲಿ ಐಗಳಕುರ್ವೆ, ಶರಾವತಿಯಲ್ಲಿ ಮಾವಿನಕುರ್ವೆ, ಇನ್ನೂ ದಕ್ಷಿಣಕ್ಕೆ ನೇತ್ರಾವತಿಯಲ್ಲಿ ಪಾವೂರು ಉಳಿಯ. ಇಲ್ಲಿನ ಬದುಕನ್ನು 28 ನಿಮಿಷದ ರೇಡಿಯೋ ಸಾಕ್ಷ್ಯರೂಪಕವಾಗಿ ಮಾಡುವುದು ಹೇಗೆ ಎಂಬುದನ್ನು ಅಘನಾಶಿನಿಯ ಒಂದು ಕುರ್ವೆಯನ್ನು ಮುಂದಿಟ್ಟುಕೊಂಡು ಇಲ್ಲಿ ಹಂತಹಂತವಾಗಿ ಹೇಳಲಾಗಿದೆ. ಕ್ರಮ ಬೇರೆ ದ್ವೀಪಗಳಿಗೂ ಹೊಂದುತ್ತದೆ. ಒಂದು ಮಾತು ಮಾತ್ರ ಎಲ್ಲ ಕಡೆಗೂ ಒಂದೇ: ಕುರ್ವೆಯ ಗಡಿಯಾರ ನೀರು. ಉಬ್ಬರ ಇಳಿತದ ಲೆಕ್ಕ ಹಿಡಿಯದೆ ಮೈಕ್ ಹಿಡಿದು ಹೋದರೆ ಬೇಕಾದ ಸದ್ದೂ ಸಿಗುವುದಿಲ್ಲ, ಬೇಕಾದ ಜನವೂ ಸಿಗುವುದಿಲ್ಲ.

ಮೊದಲು ಕೇಂದ್ರ, ಆಮೇಲೆ ದೋಣಿ

ಎಲ್ಲಿ ಪ್ರಸಾರವಾಗುತ್ತದೆ ಎಂಬುದು ಮೊದಲೇ ಗೊತ್ತಿರಲಿ. ಉತ್ತರ ಕನ್ನಡದ ಕರಾವಳಿಗೆ ಆಕಾಶವಾಣಿ ಕಾರವಾರದ 102.3 ಎಫ್‌ಎಂ ಇದೆ. ಕುದ್ರುಗಳ ಕಡೆಯವರಿಗೆ ಆಕಾಶವಾಣಿ ಮಂಗಳೂರು, ಮಣಿಪಾಲ ಮತ್ತು ಮಂಗಳೂರಿನ ಸಮುದಾಯ ರೇಡಿಯೋಗಳು ಇವೆ. ಅರ್ಧ ಗಂಟೆಯ ಅವಧಿ ಅಂದರೆ ಪೂರ್ತಿ 30 ನಿಮಿಷ ಸಿಗುವುದಿಲ್ಲ. ಘೋಷಣೆ, ಸಂಕೇತ ಸಂಗೀತ ಕಳೆದು ಸಾಮಾನ್ಯವಾಗಿ 27ರಿಂದ 28 ನಿಮಿಷ ಉಳಿಯುತ್ತದೆ. ಸೆಕೆಂಡಿನವರೆಗಿನ ಅವಧಿಯನ್ನು ಕೇಂದ್ರದವರಿಂದ ಬರೆಸಿಕೊಳ್ಳಿ.

ಸಮುದಾಯ ರೇಡಿಯೋ ಆದರೆ ಕೆಲವು ಕಟ್ಟುಪಾಡುಗಳನ್ನು ತಿಳಿದಿರಬೇಕು. ಅದರ ಪ್ರಸಾರ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್ ದಾಟುವಂತಿಲ್ಲ, ಹಾಗಾಗಿ ಕೇಳುಗರು ಹತ್ತಿರದ ಊರಿನವರೇ. ಅವರಿಗೆ ಅಘನಾಶಿನಿ ಎಲ್ಲಿದೆ ಎಂದು ವಿವರಿಸುವ ಅಗತ್ಯವಿಲ್ಲ. ಕನಿಷ್ಠ ಅರ್ಧದಷ್ಟು ಕಾರ್ಯಕ್ರಮ ಸ್ಥಳೀಯವಾಗಿ ತಯಾರಾಗಬೇಕೆಂಬ ನಿಯಮ ಇರುವುದರಿಂದ ಇಂಥ ರೂಪಕಕ್ಕೆ ಅಲ್ಲಿ ಬಾಗಿಲು ತೆರೆದೇ ಇರುತ್ತದೆ. ಆದರೆ ಸ್ವಂತ ಸುದ್ದಿ ಪ್ರಸಾರಕ್ಕೆ ಅವಕಾಶವಿಲ್ಲ, ರಾಜಕೀಯ ಕೂಡದು. ಅಘನಾಶಿನಿಯ ಅಳಿವೆಯಲ್ಲಿರುವ ತದಡಿಯ ಬಂದರು, ವಿದ್ಯುತ್ ಸ್ಥಾವರದಂಥ ಪ್ರಸ್ತಾವಗಳ ವಿಷಯ ಬಂದರೆ ಪರ ವಿರೋಧ ಎರಡೂ ದನಿ ಇರಲಿ, ನಿರೂಪಕರು ತೀರ್ಪು ಕೊಡಲು ಹೋಗದಿರಲಿ.

ಒಂದೇ ಪ್ರಶ್ನೆ ಆರಿಸಿಕೊಳ್ಳಿ

‘ಕುರ್ವೆಯ ಇತಿಹಾಸ, ಸಂಸ್ಕೃತಿ ಮತ್ತು ಸಮಸ್ಯೆಗಳು’ ಎಂದು ಹೊರಟರೆ ಅದು ಶಾಲೆಯ ಪ್ರಬಂಧವಾಗುತ್ತದೆ. 28 ನಿಮಿಷಕ್ಕೆ ಒಂದೇ ಪ್ರಶ್ನೆ ಸಾಕು: ಇಲ್ಲಿಗೆ ಸಿಹಿನೀರು ಹೇಗೆ ಬರುತ್ತದೆ? ಮದುವೆಯ ದಿಬ್ಬಣ ಹೇಗೆ ದಾಟುತ್ತದೆ? ಮನೆ ಕಟ್ಟುವ ಕಲ್ಲು, ಹಂಚು, ಸಿಮೆಂಟಿಗೆ ಎಷ್ಟು ದೋಣಿ ಬೇಕಾಯಿತು? ಸೇತುವೆ ಬಂದ ಮೇಲೆ ಅಂಬಿಗರು ಏನು ಮಾಡುತ್ತಿದ್ದಾರೆ? ಇದರಲ್ಲಿ ಯಾವುದನ್ನು ಹಿಡಿದರೂ ಪರಂಪರೆ, ಜಾತಿ, ದುಡಿಮೆ, ದೇವರು ಎಲ್ಲ ತಾವಾಗಿ ಬರುತ್ತವೆ.

ಪರಂಪರೆಯ ಎಳೆಯೇ ಬೇಕೆಂದರೆ ಅಘನಾಶಿನಿಯಲ್ಲಿ ಕಗ್ಗ ಭತ್ತಕ್ಕಿಂತ ಒಳ್ಳೆಯ ಎಳೆ ಇಲ್ಲ. ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲಿ, ಮಳೆಗಾಲದ ಸಿಹಿನೀರು ಮಣ್ಣಿನ ಉಪ್ಪು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜ ಬಿತ್ತುತ್ತಾರೆ. ಆಳೆತ್ತರ ಬೆಳೆಯುವ ಪೈರು ಕೆಲವು ದಿನ ನೀರಿನಲ್ಲಿ ಮುಳುಗಿದರೂ ತಾಳಿಕೊಳ್ಳುತ್ತದೆ. ಮಳೆಗಾಲ ಮುಗಿಯುವಾಗ ತೆನೆಯನ್ನು ಮಾತ್ರ ಕೊಯ್ದು, ನಿಂತ ಹುಲ್ಲಿನ ಮೇಲೆ ಹೊಳೆನೀರು ಬಿಟ್ಟರೆ ಅಲ್ಲಿಗೆ ಮೀನು, ಸಿಗಡಿ ಬರುತ್ತವೆ. ಒಂದೇ ಗದ್ದೆಯಲ್ಲಿ ಅನ್ನ, ಅದರ ಬೆನ್ನಿಗೆ ಸಾರು. ಬಿತ್ತನೆ, ಕಟ್ಟೆ ಕಟ್ಟುವುದು, ಕೊಯ್ಲು, ಬಾಗಿಲ ಹಲಗೆ ಎತ್ತಿ ನೀರು ಬಿಡುವುದು: ಪ್ರತಿಯೊಂದಕ್ಕೂ ಬೇರೆ ಸದ್ದಿದೆ, ಬೇರೆ ತಿಂಗಳಿದೆ. ಇದನ್ನು ಆರಿಸಿಕೊಂಡರೆ ಕೆಲಸ ಜೂನ್‌ನಿಂದ ಡಿಸೆಂಬರ್‌ವರೆಗೆ ಎಳೆಯುತ್ತದೆ. ಅಷ್ಟು ಸಮಯ ಇಲ್ಲದವರು ಬೇರೆ ಪ್ರಶ್ನೆ ಹಿಡಿಯುವುದು ಲೇಸು. ಮಾಡದ ಋತುವಿನ ಕೆಲಸವನ್ನು ಬಾಯಿಮಾತಲ್ಲಿ ಮುಗಿಸಿದರೆ ರೂಪಕ ಸೊರಗುತ್ತದೆ.

ಅಘನಾಶಿನಿಗೆ ಅಣೆಕಟ್ಟು ಇಲ್ಲ. 2024ರ ಜನವರಿಯಲ್ಲಿ ಇದರ ಅಳಿವೆಯ 4801 ಹೆಕ್ಟೇರ್ ರಾಮ್ಸರ್ ಪಟ್ಟಿ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ ಸೇರಿತು. ಇವು ನಿರೂಪಣೆಯಲ್ಲಿ ಒಂದೊಂದು ವಾಕ್ಯಕ್ಕೆ ಸಾಕಾಗುವ ಸಂಗತಿ, ಅದಕ್ಕಿಂತ ಹೆಚ್ಚು ಬೆಳೆಸಬೇಡಿ.

ನೀರಿನ ಲೆಕ್ಕ ಹಾಕುವುದು

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ, ಅಂದರೆ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತದೆ. ಇವತ್ತು ಬೆಳಿಗ್ಗೆ 7ಕ್ಕೆ ನೀರು ಪೂರ್ತಿ ಇಳಿದಿದ್ದರೆ ನಾಳೆ ಎಂಟರ ಹತ್ತಿರ. ಹುಣ್ಣಿಮೆ, ಅಮಾವಾಸ್ಯೆ ಕಳೆದ ಒಂದೆರಡು ದಿನ ಏರಿಳಿತ ಜೋರು, ಅಷ್ಟಮಿಯ ಆಚೀಚೆ ಮಂದ. ಸರ್ವೆ ಆಫ್ ಇಂಡಿಯಾ ಪ್ರತಿವರ್ಷ ಬಂದರುಗಳ ಉಬ್ಬರ ಕೋಷ್ಟಕ ಪ್ರಕಟಿಸುತ್ತದೆ. ಆದರೆ ಕೋಷ್ಟಕದ ಸಮಯ ಬಂದರಿನದು. ಹೊಳೆಯ ಒಳಗಿರುವ ಕುರ್ವೆಗೆ ನೀರು ತಡವಾಗಿ ಮುಟ್ಟುತ್ತದೆ, ಎಷ್ಟು ತಡ ಎಂಬುದು ಅಂಬಿಗನಿಗೆ ಗೊತ್ತು. ಅವನನ್ನು ಕೇಳಿ, ಎರಡು ದಿನ ನೋಡಿ, ಬರೆದಿಟ್ಟುಕೊಳ್ಳಿ.

ಈ ಲೆಕ್ಕದ ಮೇಲೆ ಧ್ವನಿಮುದ್ರಣದ ಪಟ್ಟಿ ಕೂರಬೇಕು. ಬಳಚು (ಹೊಳೆಯ ಕೆಸರಿನಲ್ಲಿ ಸಿಗುವ ಚಿಪ್ಪಿನ ಜೀವಿ) ಆರಿಸುವ ಹೆಂಗಸರು ಸಿಗುವುದು ಇಳಿತದಲ್ಲಿ. ಹೆಚ್ಚು ನೆಲ ತೆರೆದುಕೊಳ್ಳುವುದು ಹುಣ್ಣಿಮೆ ಅಮಾವಾಸ್ಯೆಯ ಇಳಿತದಲ್ಲಿ, ಆಗ ಹೋದರೆ ಚಿಪ್ಪು ಬುಟ್ಟಿಗೆ ಬೀಳುವ ಸದ್ದು, ಕೆಸರಿನಿಂದ ಕಾಲು ಕೀಳುವ ಸದ್ದು ಎರಡೂ ಸಿಗುತ್ತವೆ. ದೋಣಿ ಮನೆಯ ಮೆಟ್ಟಿಲವರೆಗೆ ಬರುವುದು ಉಬ್ಬರದಲ್ಲಿ, ಸಾಮಾನು ಇಳಿಸುವುದು ಆಗಲೇ. ಮನೆಯಲ್ಲಿ ಕೂತು ಮಾತಾಡುವವರು ಸಿಗುವುದು ಇಳಿತದ ಕೆಲಸ ಮುಗಿದು ಊಟವಾದ ಮೇಲೆ. ಕನಿಷ್ಠ ಐದು ಭೇಟಿ ಇಟ್ಟುಕೊಳ್ಳಿ, ಅದರಲ್ಲಿ ಒಂದು ರಾತ್ರಿ ಉಳಿಯಲೇಬೇಕು. ಕೊನೆಯ ದೋಣಿ ಹೋದ ಮೇಲೆ ಇಳಿಯುವ ಮೌನ ಹಗಲಿನಲ್ಲಿ ಸಿಗುವಂಥದ್ದಲ್ಲ.

ಸಲಕರಣೆ

ಕೈಯಲ್ಲಿ ಹಿಡಿಯುವ ಡಿಜಿಟಲ್ ರೆಕಾರ್ಡರ್ ಒಂದು, ಜೂಮ್ ಅಥವಾ ಟ್ಯಾಸ್ಕ್ಯಾಮ್ ಕಂಪನಿಯ ಸಾಧಾರಣ ಮಾದರಿ ಸಾಕು. ಮಾತಿಗೆ ಒಂದು ಡೈನಾಮಿಕ್ ಹ್ಯಾಂಡ್‌ಮೈಕ್ ಮತ್ತು 3 ಮೀಟರ್ ಕೇಬಲ್. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್. 32 ಜಿಬಿಯ ಎರಡು ಮೆಮೊರಿ ಕಾರ್ಡ್. ರೆಕಾರ್ಡರಿಗೆ ಬೇಕಾದ ಬ್ಯಾಟರಿಯ ಮೂರು ಜೊತೆ. ಇಷ್ಟೇ ಮುಖ್ಯವಾದದ್ದು ರೆಕಾರ್ಡರಿನ ಮೈಕಿಗೆ ತೊಡಿಸುವ ತುಪ್ಪಳದ ಮುಸುಕು. ಜೊತೆಗೆ ಬರುವ ಕಪ್ಪು ಸ್ಪಂಜು ಅಳಿವೆಯ ಗಾಳಿಗೆ ಏನೇನೂ ಸಾಲದು. ಗಾಳಿ ಮೈಕಿಗೆ ಬಡಿದು ಹುಟ್ಟುವ ಗುಡುಗುಡು ಸದ್ದು ಒಮ್ಮೆ ಮುದ್ರಣವಾದರೆ ಯಾವ ತಂತ್ರಾಂಶವೂ ಅದನ್ನು ಪೂರ್ತಿ ತೆಗೆಯಲಾರದು. ಮಧ್ಯಾಹ್ನದ ನಂತರ ಕಡಲಗಾಳಿ ಏರುತ್ತದೆ, ಆದ್ದರಿಂದ ಹೊರಾಂಗಣದ ಸದ್ದುಗಳನ್ನು ಬೆಳಿಗ್ಗೆ 9ರೊಳಗೆ ಮುಗಿಸಿಕೊಳ್ಳಿ.

ಫೋನಿನಲ್ಲೇ ಮಾಡಬಹುದೇ? ಮನೆಯೊಳಗಿನ ಮಾತಿಗೆ ಆದೀತು, ಒಂದು ಕಾಲರ್ ಮೈಕ್ ಸಿಕ್ಕಿಸಿಕೊಂಡು. ದೋಣಿಯಲ್ಲಿ, ಗಾಳಿಯಲ್ಲಿ ಆಗದು. ಫೋನ್ ತಾನೇ ಸದ್ದಿನ ಮಟ್ಟ ಏರಿಸಿ ಇಳಿಸಿ ನೀರಿನ ಸದ್ದನ್ನು ಅಲೆಅಲೆಯಾಗಿ ಕೆಡಿಸುತ್ತದೆ.

ರೆಕಾರ್ಡರಿನ ಹೊಂದಾಣಿಕೆ: ವೇವ್ ಫೈಲ್, 48 ಕಿಲೋಹರ್ಟ್ಸ್, 24 ಬಿಟ್. ಸ್ಟೀರಿಯೋದಲ್ಲಿ ಗಂಟೆಗೆ ಸುಮಾರು 1 ಜಿಬಿ ಬೇಕು, 32 ಜಿಬಿ ಕಾರ್ಡಿನಲ್ಲಿ ಸುಮಾರು 30 ಗಂಟೆ ಹಿಡಿಯುತ್ತದೆ. ಹಾಗಾಗಿ ಜಾಗ ಉಳಿಸಲು ಎಂಪಿ3ಯಲ್ಲಿ ಮುದ್ರಿಸುವ ಕಾರಣವೇ ಇಲ್ಲ. ಮಾತಿನ ಏರು ಮೈನಸ್ 12 ಡೆಸಿಬೆಲ್ ಹತ್ತಿರ ಇರುವಂತೆ ಮಟ್ಟ ಇಡಿ. ಮಟ್ಟವನ್ನು ತಾನೇ ಏರಿಳಿಸುವ ಸ್ವಯಂಚಾಲಿತ ಸೌಲಭ್ಯವನ್ನು ಬಂದ್ ಮಾಡಿ. ಜೋರು ನಗು, ಜೋರು ಡೋಲು ಬರುವ ಕಡೆ ಇನ್ನೂ 6 ಡೆಸಿಬೆಲ್ ತಗ್ಗಿಸಿ. 80 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸುವ ಗುಂಡಿ ಮಾತಿಗೆ ಹಾಕಿರಲಿ, ಡೋಲು ಗುಮಟೆಗಳಿಗೆ ತೆಗೆದಿಡಿ.

ಉಪ್ಪಿನ ಗಾಳಿ ಲೋಹದ ಕೊಂಡಿಗಳನ್ನು ತಿನ್ನುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಸಲಕರಣೆ ಇಡಿ, ಪ್ರತಿ ದಿನ ಮುಗಿದ ಮೇಲೆ ಸ್ವಲ್ಪ ಒದ್ದೆ ಬಟ್ಟೆಯಿಂದ ಒರೆಸಿ ಒಣಬಟ್ಟೆ ಆಡಿಸಿ. ದೋಣಿ ಹತ್ತುವಾಗ ರೆಕಾರ್ಡರನ್ನು ಕೊರಳಿಗೆ ಹಾಕಿಕೊಳ್ಳಬೇಡಿ, ಡಬ್ಬಿಯಲ್ಲೇ ಇರಲಿ. ಜೀವರಕ್ಷಕ ಜಾಕೆಟ್ ತೊಟ್ಟೇ ದಾಟಿ, ಜನ ತುಂಬಿದ ದೋಣಿ ಬಿಟ್ಟು ಮುಂದಿನದಕ್ಕೆ ಕಾಯಿರಿ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 15ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಜಾತ್ರೆಯ ಮುದ್ರಣಕ್ಕೆ ಹೋಗುವವರು ಇದನ್ನು ಮರೆಯಬಾರದು.

ಮೊದಲ ಭೇಟಿ ಬರಿಗೈಯಲ್ಲಿ

ಮೊದಲ ದಿನ ಮೈಕ್ ತೆಗೆಯಬೇಡಿ. ಈ ಅಳಿವೆಗೆ ಯೋಜನೆ, ಸಮೀಕ್ಷೆ, ಸಂಶೋಧನೆ ಅಂತ ಬಂದುಹೋದವರು ಬಹಳ. ಕೇಳಿ ಬರೆದುಕೊಂಡು ಹೋದವರು ತಿರುಗಿ ಬರಲಿಲ್ಲ ಎಂಬ ಬೇಸರ ಜನರಿಗಿರುತ್ತದೆ. ಊರಿನ ಹಿರಿಯರು, ಪಂಚಾಯ್ತಿ ಸದಸ್ಯರು, ಸ್ವಸಹಾಯ ಸಂಘದ ಹೆಂಗಸರು, ಶಾಲೆಯ ಶಿಕ್ಷಕರು, ಅಂಬಿಗ ಇಷ್ಟು ಜನರನ್ನು ಕಂಡು ಏನು ಮಾಡುತ್ತೀರಿ, ಎಲ್ಲಿ ಪ್ರಸಾರ, ಪ್ರತಿ ಕೊಡುತ್ತೀರೋ ಇಲ್ಲವೋ ಹೇಳಿ. ಹಾಲಕ್ಕಿ ಒಕ್ಕಲಿಗರ ಕೇರಿಗೆ ಹೋದರೆ ಮೊದಲು ಕೇರಿಯ ಯಜಮಾನರಾದ ಗೌಡರನ್ನು ಕಾಣುವುದು ಕ್ರಮ.

ಈ ಭೇಟಿಯಲ್ಲಿ ಕಿವಿಯ ನಕ್ಷೆ ಮಾಡಿ. ಕುರ್ವೆಯನ್ನು ಒಂದು ಸುತ್ತು ನಡೆದು ಎಲ್ಲಿ ಏನು ಕೇಳುತ್ತದೆ ಎಂದು ಗುರುತಿಸಿ: ದೋಣಿಕಟ್ಟೆ, ಬಾವಿಯ ಗಡಗಡೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ನೀರು ಸರಿಯುವ ಜಾಗ, ಬಲೆ ನೇಯುವ ಚಾವಡಿ, ಶಾಲೆಯ ಗಂಟೆ. ತೊಂದರೆ ಕೊಡುವ ಸದ್ದುಗಳನ್ನೂ ಬರೆಯಿರಿ: ಹೆದ್ದಾರಿ 66ರ ಲಾರಿಗಳು ನೀರಿನ ಮೇಲೆ ಎಷ್ಟು ದೂರ ಕೇಳುತ್ತವೆ, ಕೊಂಕಣ ರೈಲು ಯಾವಾಗ ಹೋಗುತ್ತದೆ, ಯಾರ ಮನೆಯ ಪಂಪು ಯಾವಾಗ ಚಾಲೂ ಆಗುತ್ತದೆ.

ಸದ್ದು ಹಿಡಿಯುವುದು

ಒಂದೊಂದು ಸದ್ದನ್ನೂ ಮೂರು ಅಂತರದಲ್ಲಿ ಮುದ್ರಿಸಿ. ದೂರದಿಂದ ಊರಿನ ಒಟ್ಟು ಸದ್ದು. ನಾಲ್ಕೈದು ಅಡಿಯಿಂದ ಕೆಲಸದ ಸದ್ದು. ಒಂದು ಗೇಣಿನಿಂದ ವಸ್ತುವಿನ ಸದ್ದು. ಅಂಬಿಗನ ಗಳ ನೀರಿಗೆ ಇಳಿದು ತಳಕ್ಕೆ ತಾಗಿ ಮೇಲೆ ಬರುವಾಗ ತೊಟ್ಟಿಕ್ಕುವುದು ಗೇಣಿನ ಅಂತರದಲ್ಲಿ ಮಾತ್ರ ಕೇಳುವುದು. ಒಂದೊಂದನ್ನು ಕನಿಷ್ಠ 2 ನಿಮಿಷ ಬಿಡದೆ ಮುದ್ರಿಸಿ. ಕೈ ಅಲುಗಿದರೆ, ನೀವೇ ಕೆಮ್ಮಿದರೆ ಮತ್ತೆ ಮೊದಲಿನಿಂದ. ಪ್ರತಿ ಮುದ್ರಣದ ಆರಂಭದಲ್ಲಿ ಜಾಗ, ದಿನ, ಗಂಟೆ, ಉಬ್ಬರವೋ ಇಳಿತವೋ ಎಂದು ನಿಮ್ಮ ದನಿಯಲ್ಲಿ ಹೇಳಿ. ತಿಂಗಳ ನಂತರ 60 ಫೈಲುಗಳ ಮುಂದೆ ಕೂತಾಗ ಇದೇ ಕೈ ಹಿಡಿಯುವುದು.

ಇಂಜಿನ್ ದೋಣಿಯಲ್ಲಿ ಮೂತಿಯ ಕಡೆ, ಇಂಜಿನ್‌ಗೆ ಬೆನ್ನು ಹಾಕಿ ಕೂತು ಮುದ್ರಿಸಿ. ನಡುಹೊಳೆಯಲ್ಲಿ ಇಂಜಿನ್ ಆರಿಸಲು ಅಂಬಿಗನನ್ನು ಕೇಳಿಕೊಳ್ಳಿ. ಸದ್ದು ನಿಂತು ದೋಣಿಯ ಹಲಗೆಗೆ ನೀರು ಬಡಿಯುವುದು ಕೇಳತೊಡಗುವ ಆ ಹತ್ತು ಸೆಕೆಂಡು ರೂಪಕದ ಅತ್ಯುತ್ತಮ ತುಣುಕಾಗಬಹುದು. ದೋಣಿಯಲ್ಲಿ ಸಂದರ್ಶನ ಮಾತ್ರ ಬೇಡ. ಇಂಜಿನ್‌ನ ಒಂದೇ ಸಮನೆಯ ಮೊರೆತ ಮಾತಿನಡಿ ಸೇರಿಬಿಟ್ಟರೆ ಎಲ್ಲಿ ಕತ್ತರಿಸಿದರೂ ಜಂಪ್ ಕೇಳುತ್ತದೆ.

ಕಳೆದುಹೋಗುವ ಸದ್ದುಗಳಿಗೆ ಆದ್ಯತೆ ಕೊಡಿ. ಶರಾವತಿ ಹಿನ್ನೀರಿನಲ್ಲಿ ತುಮರಿ, ಸಿಗಂದೂರು ಕಡೆಯವರ ದಿನ ದಶಕಗಳ ಕಾಲ ಲಾಂಚಿನ ಹೊತ್ತಿಗೆ ಕಟ್ಟಿಕೊಂಡಿತ್ತು. 2025ರ ಜುಲೈಯಲ್ಲಿ ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ತೆರೆದ ಮೇಲೆ ಆ ಕಾಯುವಿಕೆ ಮುಗಿಯಿತು. ಜನರಿಗೆ ಅದು ದೊಡ್ಡ ಬಿಡುಗಡೆ. ಲಾಂಚಿಗೆ ಕಾಯುತ್ತ ನಿಂತವರ ಮಾತುಕತೆಯನ್ನು ಆ ಮೊದಲು ಮುದ್ರಿಸಿಟ್ಟವರ ಬಳಿ ಮಾತ್ರ ಅದು ಉಳಿದಿದೆ. ನಿಮ್ಮ ಕುರ್ವೆಗೂ ಸೇತುವೆಯ ಕಂಬ ಬಿದ್ದಿದ್ದರೆ ಕಡವಿನ ಸದ್ದನ್ನು ಈ ವಾರವೇ ಹಿಡಿಯಿರಿ.

ಮಾತು ಕೇಳುವುದು

ಒಂದು ರೂಪಕಕ್ಕೆ ಐದು, ಹೆಚ್ಚೆಂದರೆ ಆರು ದನಿ. ಅದಕ್ಕಿಂತ ಹೆಚ್ಚಾದರೆ ಕೇಳುಗರಿಗೆ ಯಾರು ಯಾರೆಂದು ತಿಳಿಯುವುದಿಲ್ಲ. ವಯಸ್ಸು, ಹೆಣ್ಣು ಗಂಡು, ದನಿಯ ಬನಿ ಬೇರೆ ಬೇರೆ ಇರುವವರನ್ನು ಆರಿಸಿ. ಒಂದೇ ಬಗೆಯ ದನಿಯ ಮೂವರು ಗಂಡಸರು ಸಾಲಾಗಿ ಬಂದರೆ ಒಬ್ಬರೇ ಮಾತಾಡಿದಂತೆ ಕೇಳುತ್ತದೆ.

ಮನೆಯೊಳಗೆ ಕೂರುವ ಜಾಗ ಆರಿಸುವಾಗ ಚಪ್ಪಾಳೆ ತಟ್ಟಿ ನೋಡಿ. ಸಿಮೆಂಟ್ ಗೋಡೆಯ ಖಾಲಿ ಕೋಣೆ ಮೊಳಗುತ್ತದೆ, ಬಟ್ಟೆ, ಚಾಪೆ, ಅಕ್ಕಿಮೂಟೆ ಇರುವ ಒಳಕೋಣೆ ಒಳ್ಳೆಯದು. ಫ್ರಿಜ್, ಫ್ಯಾನ್ ಆರಿಸಿಸಿ. ಫ್ರಿಜ್ ಆರಿಸಿದಾಗ ನಿಮ್ಮ ದೋಣಿಯ ಟಿಕೆಟನ್ನೋ ಬೀಗದ ಕೈಯನ್ನೋ ಅದರ ಮೇಲಿಡಿ, ಹೊರಡುವಾಗ ಮತ್ತೆ ಹಾಕಲು ಮರೆಯುವುದಿಲ್ಲ. ಇಲ್ಲವಾದರೆ ಅವರ ಮೀನು ಕೆಡುತ್ತದೆ. ಮೈಕ್ ಬಾಯಿಯಿಂದ ಒಂದು ಗೇಣು ದೂರ, ಗಲ್ಲದ ಕಡೆಯಿಂದ ಸ್ವಲ್ಪ ಓರೆಯಾಗಿ ಹಿಡಿಯಿರಿ. ನೇರ ಹಿಡಿದರೆ ‘ಪ’, ‘ಫ’, ‘ಭ’ಗಳು ಒಡೆಯುತ್ತವೆ. ಮೈಕನ್ನು ಅವರ ಕೈಗೆ ಕೊಡಬೇಡಿ.

ಮೊದಲು ಒಪ್ಪಿಗೆಯನ್ನು ಮುದ್ರಣದಲ್ಲೇ ಪಡೆಯಿರಿ: ಹೆಸರು, ಪ್ರಸಾರ ಮಾಡಬಹುದೇ, ಹೆಸರು ಹೇಳಬಹುದೇ. ಮಕ್ಕಳಾದರೆ ತಂದೆ ತಾಯಿಯ ಮಾತು ಬೇಕು.

‘ಇಲ್ಲಿ ನಿಮಗೆ ಏನೇನು ಕಷ್ಟ ಇದೆ?’ ಎಂದು ಕೇಳಿದರೆ ಅರ್ಜಿಯ ಭಾಷೆ ಬರುತ್ತದೆ. ‘ಅಜ್ಜೀ, ನಡುರಾತ್ರಿ ಮನೇಲಿ ಯಾರಿಗೋ ಹೆರಿಗೆ ನೋವು ಬಂತು, ಆಗೆಲ್ಲ ಏನ್ ಮಾಡ್ತಿದ್ರಿ?’ ಎಂದರೆ ಕತೆ ಬರುತ್ತದೆ. ‘ಮೊದಲ ಸಲ ನೀವೊಬ್ಬರೇ ದೋಣಿ ದಾಟಿಸಿದ್ದು ಯಾವಾಗ?’, ‘ಬಾವಿ ನೀರು ಉಪ್ಪಾಗಿದೆ ಅಂತ ಮೊದಲು ಗೊತ್ತಾಗೋದು ಯಾವುದರಲ್ಲಿ, ಚಾದಲ್ಲೋ ಅನ್ನದಲ್ಲೋ?’ ಇಂಥವು. ನಿಮ್ಮ ಪ್ರಶ್ನೆ ಕೊನೆಗೆ ಕತ್ತರಿಸಿ ಹೋಗುವುದರಿಂದ ಉತ್ತರ ತಾನೇ ನಿಲ್ಲಬೇಕು. ‘ಹೌದು, ಆಗಿತ್ತು’ ಅಂದರೆ ಪ್ರಯೋಜನವಿಲ್ಲ, ಏನು ಆಗಿತ್ತು ಎಂದು ಇನ್ನೊಮ್ಮೆ ಹೇಳಿಸಿ. ನೀವು ‘ಹ್ಞಾಂ, ಹೌದಾ’ ಎನ್ನದೆ ತಲೆದೂಗಿ. ಅವರು ನಿಲ್ಲಿಸಿದ ಮೇಲೆ ಐದು ಸೆಕೆಂಡು ಸುಮ್ಮನಿರಿ, ಒಳ್ಳೆಯ ಮಾತು ಆಗ ಬರುತ್ತದೆ. ಕೊನೆಗೆ ಅದೇ ಜಾಗದಲ್ಲಿ ಎಲ್ಲರೂ ಬಾಯಿ ಮುಚ್ಚಿ ಕೂತು ಒಂದು ನಿಮಿಷದ ಕೋಣೆಯ ಸದ್ದು ಮುದ್ರಿಸಿಕೊಳ್ಳಿ, ಕತ್ತರಿಸಿದ ಗಾಯ ಮುಚ್ಚಲು ಬೇಕು.

ಭಾಷೆಯನ್ನು ತಿದ್ದಬೇಡಿ. ಮೈಕ್ ಕಂಡೊಡನೆ ಜನ ಪುಸ್ತಕದ ಕನ್ನಡಕ್ಕೆ ಜಾರುತ್ತಾರೆ. ಹತ್ತು ನಿಮಿಷ ಬಿಟ್ಟು ಅದೇ ಪ್ರಶ್ನೆಯನ್ನು ಅವರ ಕೈಯಲ್ಲಿ ಬಲೆ ಇರುವಾಗ ಕೇಳಿದರೆ ಹಾಲಕ್ಕಿ ಕನ್ನಡವೋ ಕುಂದಗನ್ನಡವೋ ತಾನಾಗಿ ಬರುತ್ತದೆ. ಮೀನುಗಾರ ಖಾರ್ವಿಗಳ ಕೊಂಕಣಿ ಬಂದರೂ ಬರಲಿ. ಅದರ ಮೇಲೆ ಕನ್ನಡದ ದನಿ ಹಾಕಿ ಮುಚ್ಚುವುದು ಸರಿಯಲ್ಲ. ಮೊದಲೇ ನಿರೂಪಣೆಯಲ್ಲಿ ಸಾರ ಹೇಳಿ, ಆಮೇಲೆ ಆ ಕೊಂಕಣಿಯನ್ನು ಹಾಗೇ ಕೇಳಿಸಿ.

ಹಾಡು, ಜಾತ್ರೆ, ಹಕ್ಕು

ಸುಗ್ಗಿ ಪದ, ಮದುವೆ ಪದಗಳನ್ನು ಮುದ್ರಿಸುವಾಗ ಹಾಡಿದವರ ಹೆಸರು, ಕಲಿಸಿದವರ ಹೆಸರು ಬರೆದುಕೊಂಡು ರೂಪಕದ ಕೊನೆಯಲ್ಲಿ ಹೇಳಿ. ಕೆಲವು ಹಾಡುಗಳನ್ನು ಹೊತ್ತಲ್ಲದ ಹೊತ್ತಿನಲ್ಲಿ ಹಾಡುವುದಿಲ್ಲ ಎಂದರೆ ಒತ್ತಾಯಿಸಬೇಡಿ, ಆ ಕಾಲಕ್ಕೆ ತಿರುಗಿ ಹೋಗಿ. ಜಾತ್ರೆಯ ಧ್ವನಿವರ್ಧಕದಲ್ಲಿ ಸಿನಿಮಾ ಹಾಡು ಮೊಳಗುತ್ತಿದ್ದರೆ ಆ ತುಣುಕು ಬಳಸಬೇಡಿ, ಹಕ್ಕಿನ ತಕರಾರು ಬರುತ್ತದೆ, ಕತ್ತರಿಸಿದರೆ ತಾಳ ತಪ್ಪುವುದೂ ಕೇಳುತ್ತದೆ.

ಜೋಡಣೆ

ಮನೆಗೆ ಬಂದ ರಾತ್ರಿಯೇ ಫೈಲುಗಳನ್ನು ಎರಡು ಕಡೆ ನಕಲು ಮಾಡಿ, ಆಮೇಲೆ ಕಾರ್ಡ್ ಅಳಿಸಿ. ಆರರಿಂದ ಎಂಟು ಗಂಟೆಯ ಮುದ್ರಣ ಇರುತ್ತದೆ. ಪೂರ್ತಿ ಕೇಳಿ, ನಿಮಿಷ ಸೆಕೆಂಡು ಸಮೇತ ಸಾರಾಂಶ ಬರೆಯಿರಿ. ಒಂದು ಗಂಟೆಗೆ ಮೂರು ಗಂಟೆ ಹಿಡಿಯುವ ಕೆಲಸ ಇದು, ಅಡ್ಡದಾರಿ ಇಲ್ಲ. ಮೈ ಜುಮ್ಮೆನಿಸಿದ ಮಾತಿಗೆ ನಕ್ಷತ್ರ ಹಾಕಿ. ನಕ್ಷತ್ರ ಇಲ್ಲದ್ದು ಎಷ್ಟೇ ಮುಖ್ಯ ಮಾಹಿತಿಯಾದರೂ ನಿಮ್ಮ ನಿರೂಪಣೆಯ ಒಂದು ವಾಕ್ಯಕ್ಕೆ ಹೋಗಲಿ.

28 ನಿಮಿಷದ ಹಂಚಿಕೆ ಹೀಗೆ ಇಟ್ಟುಕೊಂಡು ನೋಡಿ: ಊರವರ ಮಾತು 15, ನಿರೂಪಣೆ 7, ಬರಿ ಸದ್ದು ಮತ್ತು ಹಾಡು 6. ನಿರೂಪಣೆ ನಿಮಿಷಕ್ಕೆ ಸುಮಾರು 100 ಪದ, ಅಂದರೆ ಒಟ್ಟು 700 ಪದದೊಳಗೆ ಮುಗಿಯಬೇಕು. ಆರಂಭದ ಒಂದೂವರೆ ನಿಮಿಷದಲ್ಲಿ ‘ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲೂಕಿನಲ್ಲಿರುವ’ ಎಂಬ ಸಾಲು ಬೇಡ. ನೀರು, ಗಳ, ಆಚೆ ದಡದಿಂದ ದೋಣಿಗೆ ಕರೆಯುವ ಕೂಗು, ಇಷ್ಟರಿಂದ ಶುರುವಾಗಲಿ. ಮುಂದೆ ರೂಪಕ ಒಂದು ಉಬ್ಬರದಿಂದ ಇನ್ನೊಂದು ಉಬ್ಬರದವರೆಗೆ ಸಾಗಿದರೆ ಕೇಳುಗರಿಗೆ ಹೊತ್ತಿನ ಹಿಡಿತ ಸಿಗುತ್ತದೆ: ಬೆಳಗಿನ ದೋಣಿ, ಇಳಿತದ ಬಳಚು, ಮಧ್ಯಾಹ್ನದ ಮಾತು, ಸಂಜೆ ಏರುವ ನೀರು. ನಿರೂಪಣೆ ಬರೆದ ಮೇಲೆ ಜೋರಾಗಿ ಓದಿ. ಉಸಿರು ಸಾಲದ ವಾಕ್ಯವನ್ನು ಒಡೆಯಿರಿ. ದನಿ ಹೇಳಿದ್ದನ್ನೇ ನಿರೂಪಣೆ ಮತ್ತೆ ಹೇಳುತ್ತಿದ್ದರೆ ನಿರೂಪಣೆಯನ್ನು ಹೊಡೆದುಹಾಕಿ.

ಕಂಪ್ಯೂಟರಿನಲ್ಲಿ ಅಡಾಸಿಟಿ ಸಾಕು, ಉಚಿತ. ಮಾತಿಗೆ ಒಂದು ಟ್ರ್ಯಾಕ್, ನಿರೂಪಣೆಗೆ ಒಂದು, ಸದ್ದಿಗೆ ಎರಡು. ಮಾತಿನಡಿ ಹರಿಯುವ ಸದ್ದು ಮಾತಿಗಿಂತ 15ರಿಂದ 20 ಡೆಸಿಬೆಲ್ ಕೆಳಗಿರಲಿ. ದೃಶ್ಯ ಬದಲಾಗುವ ಕಡೆ ಹೊಸ ಜಾಗದ ಸದ್ದು ಮಾತಿಗಿಂತ ಮೂರು ನಾಲ್ಕು ಸೆಕೆಂಡು ಮುಂಚೆ ಏರಲಿ. ಉಸಿರುಗಳನ್ನೆಲ್ಲ ಕತ್ತರಿಸಿದರೆ ಮಾತು ಯಂತ್ರದಂತಾಗುತ್ತದೆ. ಹಿನ್ನೆಲೆಯ ಗದ್ದಲ ತೆಗೆಯುವ ಸೌಲಭ್ಯವನ್ನು (ನಾಯ್ಸ್ ರಿಡಕ್ಷನ್) 6 ಡೆಸಿಬೆಲ್‌ಗಿಂತ ಹೆಚ್ಚು ಬಳಸಿದರೆ ದನಿ ನೀರೊಳಗಿಂದ ಬಂದಂತೆ ಗುಳಗುಳ ಎನ್ನುತ್ತದೆ. ದುಃಖದ ಮಾತಿನಡಿ ಕೊಳಲು ಹಾಕುವ ಅಭ್ಯಾಸ ದಯವಿಟ್ಟು ಬಿಡಿ. ಆ ಅಜ್ಜಿಯ ದನಿಗೆ ಅದರ ಹಂಗಿಲ್ಲ.

ಮುಗಿದದ್ದನ್ನು ಮೋನೋದಲ್ಲಿ ಒಮ್ಮೆ ಕೇಳಿ, ಹಳೆಯ ರೇಡಿಯೋ, ಅಗ್ಗದ ಫೋನಿನ ಸ್ಪೀಕರು ಎಲ್ಲ ಮೋನೋ. ಸ್ಟೀರಿಯೋದಲ್ಲಿ ಚೆಂದ ಕೇಳಿದ ನೀರು ಮೋನೋದಲ್ಲಿ ಬರಿ ಸುಯ್ ಎನ್ನಬಹುದು. ಒಟ್ಟು ಸದ್ದಿನ ಮಟ್ಟ ಎಷ್ಟಿರಬೇಕೆಂದು ಕೇಂದ್ರವನ್ನು ಕೇಳಿ. ಪ್ರಸಾರಕ್ಕೆ ಮೈನಸ್ 23 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಒಟ್ಟು ಜೋರನ್ನು ಅಳೆಯುವ ಮಾನ), ಅಂತರ್ಜಾಲಕ್ಕೆ ಹಾಕುವ ಪ್ರತಿಗೆ ಮೈನಸ್ 16 ರೂಢಿಯಲ್ಲಿದೆ. ಫೈಲಿನ ಜೊತೆ ಒಂದು ಹಾಳೆ ಕೊಡಿ: ಶೀರ್ಷಿಕೆ, ಅವಧಿ, ಮೊದಲ ವಾಕ್ಯ, ಕೊನೆಯ ವಾಕ್ಯ, ಹಾಡಿದವರು, ಮಾತಾಡಿದವರು.

ಮೊದಲ ಕೇಳುಗರು ಕುರ್ವೆಯವರೇ

ಕೇಂದ್ರಕ್ಕೆ ಕೊಡುವ ಮೊದಲು ಒಂದು ಸ್ಪೀಕರ್ ಹಿಡಿದು ಕುರ್ವೆಗೆ ಹೋಗಿ ಎಲ್ಲರ ಮುಂದೆ ಕೇಳಿಸಿ. ಮನೆತನದ ಹೆಸರು, ದೇವರ ಹೆಸರು, ಗಜನಿಯ ಗಡಿ, ಯಾವ ವರ್ಷದ ನೆರೆ ಎಂಬುದೆಲ್ಲ ಅಲ್ಲೇ ತಿದ್ದಿಕೊಳ್ಳುತ್ತವೆ. ಮೀನು ಸಿಗುವ ಗುಟ್ಟಿನ ಜಾಗವನ್ನು ಯಾರೋ ಬಾಯಿತಪ್ಪಿ ಹೇಳಿದ್ದರೆ ತೆಗೆಯಿರಿ. ಮರಳು, ಜಾಗ, ಹಣದ ವಿಷಯದಲ್ಲಿ ಹೆಸರು ಹಿಡಿದು ಮಾಡಿದ ಆರೋಪವನ್ನು ಪ್ರಸಾರಕ್ಕೆ ಬಿಡಬೇಡಿ. ‘ನನ್ನ ಮಾತು ಬೇಡ’ ಎಂದು ಯಾರಾದರೂ ಹಿಂದೆ ಸರಿದರೆ ತೆಗೆಯಲೇಬೇಕು, ಅದಕ್ಕಾಗಿಯೇ ಒಂದು ವಾರ ಕೈಯಲ್ಲಿ ಉಳಿಸಿಕೊಂಡಿರಿ.

ಸಮುದಾಯ ರೇಡಿಯೋಗಳು ಪ್ರಸಾರವಾದದ್ದನ್ನು ಮೂರು ತಿಂಗಳು ಕಾಯ್ದಿಡಬೇಕೆಂಬ ನಿಯಮವಿದೆ, ಅಲ್ಲಿಂದಾಚೆಗಿನ ಹೊಣೆ ನಿಮ್ಮದು. ಕತ್ತರಿಸದ ಮುದ್ರಣವನ್ನೂ ಸೇರಿಸಿ ಒಂದು ಪ್ರತಿ ಊರಿನ ಶಾಲೆಗೆ, ಒಂದು ನಿಮ್ಮಲ್ಲಿ, ಒಂದು ಬೇರೆ ಊರಿನಲ್ಲಿ ಇರಲಿ. ಮಾತಾಡಿದ ಪ್ರತಿ ಮನೆಗೂ ಮೆಮೊರಿ ಕಾರ್ಡಿನಲ್ಲಿ ಅವರ ಮಾತನ್ನು ಪೂರ್ತಿಯಾಗಿ ಕೊಡಿ.

ಪ್ರಸಾರದ ದಿನ ಗೊತ್ತಾದ ಕೂಡಲೇ ಉಬ್ಬರದ ಲೆಕ್ಕವನ್ನು ಇನ್ನೊಮ್ಮೆ ನೋಡಿ. ಆ ಹೊತ್ತಿಗೆ ನೀರು ಇಳಿದಿದ್ದರೆ ರೂಪಕದಲ್ಲಿ ಮಾತಾಡಿದ ಹೆಂಗಸರೆಲ್ಲ ಬಳಚು ಆರಿಸುತ್ತ ಹೊಳೆಯಲ್ಲಿರುತ್ತಾರೆ. ಕೇಂದ್ರದವರಿಗೆ ಇದನ್ನು ತಿಳಿಸಿ, ಅವರು ಮನೆಯಲ್ಲಿರುವ ಹೊತ್ತಿಗೆ ಒಂದು ಮರುಪ್ರಸಾರ ಕೇಳಿ ಪಡೆಯಿರಿ.